ಯಾವ ಬಸವರಾಜ?

ಗದಗ ತಾಲ್ಲೂಕಿನ ಹರ್ತಿಯಂಥ ಊರಿನಲ್ಲಿ ಫೋನಿನ ಪರದೆಯ ಮೇಲೆ ‘ಬಸವರಾಜ’ ಎಂದು ಮೂಡಿದರೆ ಏನು ತಿಳಿದ ಹಾಗಾಯಿತು? ಬಸವೇಶ್ವರನ ಜಾತ್ರೆ ನಡೆಯುವ ಊರದು. ಬಸವರಾಜ, ಬಸಪ್ಪ, ಬಸಣ್ಣ, ಬಸಮ್ಮ ಇಲ್ಲದ ಓಣಿ ಇದ್ದೀತೆ? ಕರೆ ಮಾಡಿದವರನ್ನು ಗುರುತಿಸುವ ಆ್ಯಪು ಹೆಸರು ತೋರಿಸಿ ಮುಗಿಸಿದ ಮೇಲೂ ‘ಯಾವ ಬಸವರಾಜ್ರೀ?’ ಅಂತ ಕೇಳುವುದು ಉಳಿದೇ ಇರುತ್ತದೆ. ‘ನಾನ್ರೀ ಕಾಕಾ, ಬಡಿಗೇರ ಓಣ್ಯಾಗಿನಾಂವ, ಟ್ರ್ಯಾಕ್ಟರ್ ಬಸವರಾಜ’ ಅಂದಾಗಲೇ ಮನುಷ್ಯ ಕಣ್ಣಮುಂದೆ ಬರುವುದು.

ನಮ್ಮ ಕಡೆ ಅಡ್ಡಹೆಸರುಗಳು ಹುಟ್ಟಿದ್ದೇ ಈ ಕಾರಣಕ್ಕಿರಬೇಕು. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಕಮ್ಮಾರ. ಊರು ಬಿಟ್ಟು ಹೋದವರಿಗೆ ಊರೇ ಹೆಸರಾಗಿ ಮುಳಗುಂದ, ಹುಲಕೋಟಿ, ಲಕ್ಕುಂಡಿ. ಫೋನಿನಲ್ಲಿ ನಂಬರು ಉಳಿಸಿಕೊಳ್ಳುವಾಗಲೂ ಅದೇ ರೂಢಿ ನಡೆದು ಬಂದಿದೆ. ಯಾರದೇ ಮೊಬೈಲು ತೆಗೆದು ನೋಡಿ: ‘ಗೊಬ್ಬರದಂಗಡಿ’, ‘ಬೋರ್ ಮೋಟರ್ ರಿಪೇರಿ’, ‘ಗದಗ ದಲಾಲಿ’, ‘ಅಕ್ಕ ಮುಂಡರಗಿ’. ತಂದೆತಾಯಿ ಇಟ್ಟ ಹೆಸರು ಅಲ್ಲಿ ಸಿಗುವುದೇ ಅಪರೂಪ.

ಲ್ಯಾಂಡ್‌ಲೈನ್ ಕಾಲದಲ್ಲಿ ನಂಬರಿಗೇ ಒಂದು ಊರಿತ್ತು. 08372 ಅಂದರೆ ಗದಗ, 08371 ಅಂದರೆ ಮುಂಡರಗಿ, 08487 ಅಂದರೆ ಶಿರಹಟ್ಟಿ. ನಂಬರು ತೋರಿಸುವ ಪುಟ್ಟ ಪೆಟ್ಟಿಗೆಯನ್ನು ಫೋನಿಗೆ ಜೋಡಿಸಿಕೊಂಡವರು ಕೋಡ್ ನೋಡಿಯೇ ‘ಮುಂಡರಗಿಯಿಂದ ಅಕ್ಕನ ಫೋನು’ ಅನ್ನುತ್ತಿದ್ದರು. ಅದಕ್ಕೂ ಮೊದಲು ಪಿಪಿ ನಂಬರಿನ ದಿನಗಳು. ಓಣಿಗೊಂದು ಫೋನು, ಕರೆ ಬಂದರೆ ಆ ಮನೆಯ ಹುಡುಗ ಓಡಿಬಂದು ಕರೆಯಬೇಕು. ಫೋನಿನ ಮನೆಯವರು ಯಾರು, ಎಲ್ಲಿಂದ, ಏನು ಕೆಲಸ ಎಂದೆಲ್ಲ ವಿಚಾರಿಸಿಯೇ ಹುಡುಗನನ್ನು ಕಳಿಸುತ್ತಿದ್ದರು. ಅಷ್ಟು ಗಟ್ಟಿ ವಿಚಾರಣೆಯನ್ನು ಇವತ್ತಿನ ಯಾವ ಆ್ಯಪೂ ಮಾಡುವುದಿಲ್ಲ.

ಹತ್ತಂಕಿಯ ಮೊಬೈಲು ಬಂದು ನಂಬರಿನ ಊರು ಅಳಿಸಿಹೋಯಿತು. ಆ ಖಾಲಿ ಜಾಗಕ್ಕೆ ಬಂದದ್ದು ಟ್ರೂಕಾಲರ್ ಆ್ಯಪು. 2009ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಅಲನ್ ಮಮೇದಿ ಮತ್ತು ನಾಮಿ ಜರಿಂಗಲಾಮ್ ಶುರುಮಾಡಿದ್ದು. ಇವತ್ತು ಅದರ ಅತಿ ದೊಡ್ಡ ಮಾರುಕಟ್ಟೆ ನಮ್ಮ ದೇಶ. ಅದು ತೋರಿಸುವ ಹೆಸರು ಸರ್ಕಾರದ ಯಾವ ದಾಖಲೆಯಿಂದಲೂ ಬಂದದ್ದಲ್ಲ. ನಂಬರಿನವರು ತಾವೇ ಬರೆದುಕೊಂಡದ್ದು, ಇಲ್ಲವೇ ಬೇರೆಯವರು ಸೂಚಿಸಿದ್ದು. ಸ್ಮಾರ್ಟ್‌ಫೋನನ್ನೇ ಮುಟ್ಟದ ಕೂಲಿಯವನಿಗೂ ಅಲ್ಲಿ ಒಂದು ಹೆಸರಿರಬಹುದು. ಅವನನ್ನು ಯಾರೂ ಕೇಳಿರುವುದಿಲ್ಲ. ನನಗೆ ನೋವೆನಿಸುವುದು ‘ಸ್ಪ್ಯಾಮ್’, ಅಂದರೆ ಬೇಡದ ಕರೆ, ಎಂದು ಗುರುತಾದ ನಂಬರಿಗೆ ಅದು ತೋರಿಸುವ ಕೆಂಪು ಬಣ್ಣ ಕಂಡಾಗ. ಪೋಲಿಯೋ ಹನಿ ಹಾಕಿಸಲು ಆಶಾ ಕಾರ್ಯಕರ್ತೆ ಮನೆಮನೆಗೆ ಫೋನ್ ಮಾಡುತ್ತಾಳೆ ಅನ್ನಿ. ಬೇಸರಪಟ್ಟ ನಾಲ್ಕು ಮಂದಿ ಅವಳನ್ನು ‘ಸ್ಪ್ಯಾಮ್’ ಎಂದು ಒತ್ತಿದರೆ, ಐದನೆಯ ಮನೆಯವರು ಅವಳ ಕರೆ ಎತ್ತುವುದೇ ಇಲ್ಲ. ತಾನು ಕೆಂಪಾದದ್ದು ಅವಳಿಗೆ ತಿಳಿಯುವುದಾದರೂ ಹೇಗೆ?

ಹುಡುಗರು ಇನ್ನೊಂದು ದಾರಿ ಕಂಡುಕೊಂಡಿದ್ದಾರೆ. ‘ಫೋನ್‌ಪೇದಾಗ ಹಾಕಿ ನೋಡ್ರಿ ಕಾಕಾ’ ಅನ್ನುತ್ತಾರೆ. ನಂಬರು ಹಾಕಿದರೆ ಬ್ಯಾಂಕಿನಲ್ಲಿರುವ ಹೆಸರು ಬರುತ್ತದೆ. ಒಳ್ಳೆಯ ಉಪಾಯವೇ. ಆದರೆ ಮೋಸಗಾರರು ಇನ್ನೊಬ್ಬರ ಖಾತೆ ಬಾಡಿಗೆಗೆ ಹಿಡಿಯುತ್ತಾರೆ. ಹೆಸರು ನಿಜ, ಮನುಷ್ಯ ಬೇರೆ. ‘ಡಿಜಿಟಲ್ ಅರೆಸ್ಟ್’ ಮಾಡುತ್ತೇವೆಂದು ಹೆದರಿಸುವವರು ಪೊಲೀಸ್ ಲಾಂಛನದ ಚಿತ್ರವನ್ನೇ ಹಾಕಿಕೊಂಡಿರುತ್ತಾರೆ. ಹಾಗಾಗಿ ಪರದೆಯ ಮೇಲಿನ ಹೆಸರು ನೋಡಿ ಒಂದು ರೂಪಾಯಿಯನ್ನೂ ಕಳಿಸಬಾರದು. ಬ್ಯಾಂಕಿನ ಸೇವಾ ಕರೆಗಳಿಗೆ 1600, ಮಾರಾಟದ ಕರೆಗಳಿಗೆ 140 ಎಂದು ಸರಣಿ ಗೊತ್ತುಮಾಡಿದ್ದಾರೆ. ಅದು ನೆನಪಿದ್ದರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ. ದುಡ್ಡು ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ನಾಳೆ ನೋಡೋಣ ಅನ್ನಬಾರದು. ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹಾರಿಬಿಡುತ್ತದೆ.

ಈಗ ಕರೆ ಮಾಡಿದವರ ಹೆಸರನ್ನು ಮೊಬೈಲ್ ಕಂಪನಿಯೇ ತೋರಿಸುವ ವ್ಯವಸ್ಥೆ ಬರುತ್ತಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಇದಕ್ಕೆ 2024ರ ಫೆಬ್ರವರಿಯಲ್ಲಿ ಶಿಫಾರಸು ಮಾಡಿತು. ಸಿಮ್ ಕೊಳ್ಳುವಾಗ ಅರ್ಜಿಯಲ್ಲಿ ಬರೆದ ಹೆಸರೇ ಇಲ್ಲಿ ಮೂಡುತ್ತದೆ. ಆ್ಯಪಿನ ಊಹೆಗಿಂತ ಇದು ಮೇಲು, ನಾನು ಒಪ್ಪುತ್ತೇನೆ. ಆದರೆ ನಮ್ಮ ಹಳ್ಳಿಗಳಲ್ಲಿ ಅರ್ಜಿಯಲ್ಲಿರುವುದು ಯಾರ ಹೆಸರು? ಅವ್ವನ ಕೈಯಲ್ಲಿರುವ ಸಿಮ್ಮು ಎಷ್ಟೋ ಮನೆಗಳಲ್ಲಿ ಮಗನ ಹೆಸರಿನದು, ಸೊಸೆಯದು ಗಂಡನ ಹೆಸರಿನದು. ಒಬ್ಬರ ಹೆಸರಿನಲ್ಲಿ 9 ಸಿಮ್‌ವರೆಗೂ ಪಡೆಯಬಹುದಾದ್ದರಿಂದ ಯಾರಿಗೂ ಇದು ತೊಡಕೆನಿಸಲಿಲ್ಲ. ಇನ್ನು ಮುಂದೆ ಅವ್ವ ಸಂಘದ ಸಾಲದ ಕಂತು ವಿಚಾರಿಸಲು ಫೋನ್ ಮಾಡಿದರೆ ಆ ಕಡೆ ಮೂಡುವುದು ಗೋವಾದಲ್ಲಿ ದುಡಿಯುತ್ತಿರುವ ಮಗನ ಹೆಸರು. ದುಡಿದು ಗುಂಪು ಕಟ್ಟಿ ಸಾಲ ತೀರಿಸುವ ಹೆಣ್ಣುಮಗಳು ತನ್ನ ಫೋನಿನಲ್ಲೇ ತಾನಿಲ್ಲದಂತಾಗುತ್ತಾಳೆ. ಇದು ನನಗೆ ಸಣ್ಣ ಮಾತೆನಿಸುವುದಿಲ್ಲ.

ತಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ನೋಡಬಹುದು. ಅದೇ ನಂಬರನ್ನು ಮಗನ ಹೆಸರಿನಿಂದ ಅವ್ವನ ಹೆಸರಿಗೆ ಬದಲಿಸಿಕೊಳ್ಳಲೂ ಬರುತ್ತದೆ. ದೀಪಾವಳಿಗೆ ಊರಿಗೆ ಬಂದ ಮಗ ಒಂದು ಮುಂಜಾನೆ ಅವ್ವನನ್ನು ಬಸ್ಸು ಹತ್ತಿಸಿಕೊಂಡು, ಇಬ್ಬರ ಆಧಾರ್ ಕಾರ್ಡೂ ಹಿಡಿದು ಗದಗಿನಲ್ಲಿರುವ ಆ ಸಿಮ್ ಕಂಪನಿಯ ಮಳಿಗೆಗೆ ಹೋಗಿಬರಲಿ.