ಗೋವಳರ ಕುಣಿತದಲ್ಲಿ ಒಂದಿರುಳು

ಅಮೆರಿಕಾ ದೇಶದಲ್ಲಿ ಮಗಳ ಮನೆಯಲ್ಲಿ ಆರು ತಿಂಗಳಿದ್ದು ಬಂದವನು ಏನನ್ನಾದರೂ ಬರೆಯಲೇಬೇಕೆಂದು ನಮ್ಮ ಸಂಪಾದಕರು ಒತ್ತಾಯಪಡಿಸುತ್ತಿದ್ದಾರೆ. ಅಲ್ಲಿನ ಗಗನಚುಂಬಿ ಸೌಧಗಳನ್ನೂ ಜಲಪಾತಗಳನ್ನೂ ವರ್ಣಿಸಿದವರು ಈಗಾಗಲೇ ಅನೇಕರಿರುವುದರಿಂದ ಅವುಗಳ ಗೊಡವೆಗೆ ನಾನು ಹೋಗುವುದಿಲ್ಲ. ಟೆಕ್ಸಾಸ್ ಸಂಸ್ಥಾನದ ಪಶ್ಚಿಮ ಭಾಗದ ಒಂದು ಸಣ್ಣ ಊರಿನಲ್ಲಿ ಕಳೆದ ಒಂದು ರಾತ್ರಿಯ ಸಂಗತಿಯನ್ನು ಮಾತ್ರ ಹೇಳುತ್ತೇನೆ. ಅದರಲ್ಲಿ ನನಗೆ ಕೀರ್ತಿಯನ್ನು ತರುವಂಥದು ಏನೂ ಇಲ್ಲವೆಂಬುದನ್ನು ವಾಚಕರು ಮೊದಲೇ ತಿಳಿದಿರುವುದು ಲೇಸು.

ಊರಿನ ಹೆಸರು ಆನ್ಸನ್. ಟೆಕ್ಸಾಸು ಸ್ವತಂತ್ರ ಗಣರಾಜ್ಯವಾಗಿದ್ದ ಕಾಲದಲ್ಲಿ ಅದರ ಕಡೆಯ ಅಧ್ಯಕ್ಷನಾಗಿದ್ದ ಆನ್ಸನ್ ಜೋನ್ಸನ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಆಬಿಲೀನ್ ಪಟ್ಟಣದಿಂದ ಉತ್ತರಕ್ಕೆ ಸುಮಾರು ೨೪ ಮೈಲಿ. ಜನಸಂಖ್ಯೆ ಎರಡು ಸಾವಿರಕ್ಕೆ ಸ್ವಲ್ಪ ಮೇಲೆ. ಅಳಿಯನ ಮೋಟಾರಿನಲ್ಲಿ ನಾವು ನಾಲ್ವರು ಡಿಸೆಂಬರ್ ತಿಂಗಳ ಒಂದು ಮಧ್ಯಾಹ್ನ ಅತ್ತ ಹೊರಟೆವು. ದಾರಿಯುದ್ದಕ್ಕೂ ಚಪ್ಪಟೆಯಾದ ಬಯಲು, ತಂತಿಯ ಬೇಲಿ, ಬೇಲಿಯಾಚೆ ಅಲ್ಲೊಂದು ಇಲ್ಲೊಂದು ದನ. ನಡುನಡುವೆ ಕುರುಚಲು ಮುಳ್ಳುಗಿಡ. ಮೆಸ್ಕೀಟ್ ಎಂದು ಅಳಿಯನು ಅದರ ಹೆಸರು ಹೇಳಿದನು. ನೋಡಿದರೆ, ಅದು ನಮ್ಮ ಬಳ್ಳಾರಿ ಜಾಲಿಯ ದಾಯಾದಿ! ಚಿತ್ರದುರ್ಗದ ಕಡೆಯವನಾದ ನನಗೆ, ಇಷ್ಟು ಸಾವಿರ ಮೈಲಿ ಬಂದದ್ದು ಈ ಜಾಲಿಯನ್ನು ನೋಡುವುದಕ್ಕೆಯೇ ಎನ್ನಿಸಿ ನಗು ಬಂದಿತು.

ಈ ಊರಿಗೆ ಹೋಗಲು ಕಾರಣವುಂಟು. ೧೮೮೫ನೆಯ ಇಸವಿಯಲ್ಲಿ ಇಲ್ಲಿನ ಒಂದು ಹೋಟೆಲಿನವನು ಸುತ್ತಿನ ದನಗಾಹಿಗಳಿಗಾಗಿ ಕ್ರಿಸ್ಮಸ್ ಹಬ್ಬದ ಸಮಯದಲ್ಲಿ ಒಂದು ನೃತ್ಯಕೂಟವನ್ನು ಏರ್ಪಡಿಸಿದನು. ವರ್ಷವೆಲ್ಲ ಕುದುರೆಯ ಬೆನ್ನ ಮೇಲೆ, ದನಗಳ ಹೊರತು ಬೇರೆ ಸಂಗಾತಿಯಿಲ್ಲದೆ ಬದುಕುವ ಹುಡುಗರು ಬಹುದೂರದಿಂದ ಬಂದು ಕುಣಿದರಂತೆ. ಲ್ಯಾರಿ ಚಿಟೆಂಡನ್ ಎಂಬ ಪೂರ್ವದೇಶದ ಗೃಹಸ್ಥನು, ಆನ್ಸನ್ನಿನ ಬಳಿ ದನ ಸಾಕಿಕೊಂಡಿದ್ದವನು, ಅದನ್ನು ಕುರಿತು ಪದ್ಯ ಕಟ್ಟಿ ೧೮೯೦ರಲ್ಲಿ ಅಚ್ಚು ಹಾಕಿಸಿದನು. ಹೋಟೆಲು ಬೆಂಕಿಗೆ ಆಹುತಿಯಾಯಿತು, ಪದ್ಯ ಉಳಿಯಿತು. ೧೯೩೪ರಲ್ಲಿ ಲಿಯೊನೋರಾ ಬ್ಯಾರೆಟ್ ಎಂಬ ಆ ಊರಿನ ಉಪಾಧ್ಯಾಯಿನಿ, ಆ ಪದ್ಯವನ್ನೂ ವೃದ್ಧರ ನೆನಪನ್ನೂ ಆಧಾರವಾಗಿಟ್ಟುಕೊಂಡು, ಹಳೆಯ ಕುಣಿತಗಳನ್ನು ಮತ್ತೆ ಎಬ್ಬಿಸಿದಳು. ೧೯೪೦ರಲ್ಲಿ ಅದಕ್ಕೆಂದೇ ಪಯೊನಿಯರ್ ಹಾಲ್ ಎಂಬ ಮಂದಿರ ಎದ್ದಿತು. ಅಂದಿನಿಂದ ಪ್ರತಿ ಕ್ರಿಸ್ಮಸಿನ ಮುಂಚೆ ಮೂರು ರಾತ್ರಿ ಅಲ್ಲಿ ಕುಣಿತ.

ಇದಕ್ಕಿಂತಲೂ ವಿಚಿತ್ರವಾದ ಇನ್ನೊಂದು ಸಂಗತಿಯಿದೆ. ಇದೇ ಊರಿನ ಪುರಸಭೆ ೧೯೩೩ರಲ್ಲಿ ಸಾರ್ವಜನಿಕ ನೃತ್ಯವನ್ನು ನಿಷೇಧಿಸಿತ್ತು; ೧೯೮೭ರವರೆಗೆ ಆ ಕಟ್ಟಳೆ ಸಡಿಲವಾಗಲಿಲ್ಲ. ಈ ಮೂರು ರಾತ್ರಿಗಳಿಗೆ ಮಾತ್ರ ವಿನಾಯಿತಿ. ಊರಿಗೆ ಊರೇ ಕುಣಿತವನ್ನು ಪಾಪವೆಂದು ಬಗೆಯುತ್ತಿದ್ದ ಮರುವರ್ಷವೇ ಒಬ್ಬ ಉಪಾಧ್ಯಾಯಿನಿ ಅದನ್ನು ಹಬ್ಬವನ್ನಾಗಿ ಮಾಡಿದಳೆಂದು ಅಳಿಯನು ವಿವರಿಸುತ್ತಿರುವಾಗ, ಮೂವತ್ತಕ್ಕೂ ಮಿಕ್ಕಿ ವರ್ಷ ಉಪಾಧ್ಯಾಯನಾಗಿದ್ದ ನಾನು ಕಿಟಕಿಯ ಹೊರಗೆ ನೋಡುತ್ತ ಸುಮ್ಮನಿದ್ದೆನು. ನಾನು ಆ ಊರಿನಲ್ಲಿದ್ದಿದ್ದರೆ ಪುರಸಭೆಯ ಪಕ್ಷದಲ್ಲಿಯೇ ಇರುತ್ತಿದ್ದೆನೆಂಬುದರಲ್ಲಿ ನನಗೆ ಸಂದೇಹವಿರಲಿಲ್ಲ.

ಬಾಗಿಲಿನಲ್ಲಿಯೇ ಧರ್ಮಶಾಸ್ತ್ರ ಎದುರಾಯಿತು. ಮದ್ಯ ಕೂಡದು. ಗಂಡಸರು ಕುಣಿಯುವ ಅಂಗಳಕ್ಕೆ ಟೊಪ್ಪಿಗೆ ಹಾಕಿಕೊಂಡು ಇಳಿಯಕೂಡದು. ಹೆಂಗಸರು ಲಂಗ ಉಟ್ಟಿರಬೇಕು. ಇಜಾರು ತೊಟ್ಟವರು ಕುಳಿತು ನೋಡಬಹುದು, ಕುಣಿಯುವಂತಿಲ್ಲ. ನನ್ನ ಮಗಳು ಆ ದೇಶದಲ್ಲಿ ಹದಿನೈದು ವರ್ಷ ಬಾಳಿದವಳು, ಅವರ ಭಾಷೆಯನ್ನು ಅವರಂತೆಯೇ ಆಡುವವಳು. ಜೀನ್ಸ್ ಇಜಾರಿನ ದೆಸೆಯಿಂದ ಪಕ್ಕಕ್ಕೆ ಸರಿಯಬೇಕಾಯಿತು. ಒಂಬತ್ತು ಗಜದ ಸೀರೆಯ ಮೇಲೆ ಉಣ್ಣೆಯ ಶಾಲು ಹೊದ್ದಿದ್ದ ನನ್ನ ಪತ್ನಿಯನ್ನು ಬಾಗಿಲಿನ ಮುದುಕಿ ಅಡಿಯಿಂದ ಮುಡಿಯವರೆಗೆ ನೋಡಿ, ಎರಡೂ ಕೈಗಳಿಂದ ಒಳಕ್ಕೆ ಕರೆದಳು. ನಾನು ನನ್ನ ಉಣ್ಣೆಯ ಕುಲಾವಿಯನ್ನು ತೆಗೆದು ಜೇಬಿನಲ್ಲಿಟ್ಟುಕೊಂಡೆನು. ತಲೆಗೆ ಚಳಿಯಾಯಿತು.

ಒಳಗೆ ಪಿಟೀಲೂ ಗಿಟಾರೂ ಆರಂಭವಾಗಿದ್ದುವು. ಜೋಡಿಗಳ ದೊಡ್ಡ ಮೆರವಣಿಗೆ ಮುಗಿದು, ಒಂದಾದ ಮೇಲೊಂದು ಕುಣಿತ ಬರುತ್ತಿತ್ತು: ಪೋಲ್ಕಾ, ವಾಲ್ಟ್ಸ್, ಷಾಟಿಶ್. ಒಂದರಲ್ಲಿ ಹೆಂಗಸರು ಒಳಸುತ್ತಾಗಿಯೂ ಗಂಡಸರು ಹೊರಸುತ್ತಾಗಿಯೂ ವಿರುದ್ಧ ದಿಕ್ಕಿಗೆ ತಿರುಗಿ, ಸೀಟಿ ಕೇಳಿದೊಡನೆ ಎದುರಿಗೆ ಸಿಕ್ಕಿದವರೊಡನೆ ಕುಣಿಯುತ್ತಿದ್ದರು. ಗೋಪಾಲಕರ ಹಲ್ಲೀಸಕವೆಂದು ನಾನು ಪಾಠ ಹೇಳಿದ ಮಂಡಲನೃತ್ಯದ ನೆನಪಾಯಿತು. ಅಲ್ಲಿ ನಡುವೆ ಒಬ್ಬನೇ ಕೃಷ್ಣ. ಇಲ್ಲಿ ಎಪ್ಪತ್ತು ದಾಟಿದ ಬೊಕ್ಕತಲೆಯ ರೈತನೂ ಹತ್ತು ವರ್ಷದ ಹುಡುಗನೂ ಕೃಷ್ಣರೇ. ಭರತಮುನಿಯನ್ನು ಋಷಿಗಳು ಕೇಳುತ್ತಾರೆ: ಅರ್ಥವೂ ಇಲ್ಲದ, ಭಾವವೂ ಇಲ್ಲದ ನೃತ್ತವನ್ನು ಏತಕ್ಕಾಗಿ ಸೃಷ್ಟಿಸಿದರು? ಅದಕ್ಕೆ ಯಾವ ಅರ್ಥದ ಅಪೇಕ್ಷೆಯೂ ಇಲ್ಲ, ಶೋಭೆಗಾಗಿಯೇ ಹುಟ್ಟಿತು, ಜನರಿಗೆ ಅದು ಸ್ವಭಾವದಿಂದಲೇ ಪ್ರಿಯ ಎಂದು ಮುನಿಯ ಉತ್ತರ. ಮೈಸೂರಿನ ಪಾಠಶಾಲೆಯಲ್ಲಿ ಇದನ್ನು ಕಂಠಸ್ಥ ಮಾಡಿ, ಪರೀಕ್ಷೆಯಲ್ಲಿ ಬರೆದು, ಒಳ್ಳೆಯ ಅಂಕಗಳನ್ನೂ ಪಡೆದಿದ್ದೆನು.

ಪಕ್ಕದಲ್ಲಿ ಕುಳಿತಿದ್ದ ಒಬ್ಬ ಮುದುಕ ನಾವು ಎಲ್ಲಿಯವರೆಂದು ವಿಚಾರಿಸಿದನು. ದನ ಕಾಯ್ದೇ ಎಂಬತ್ತು ವರ್ಷ ಕಳೆದವನು. ಅವನ ಅಂಗೈ ನೇಗಿಲಿನ ಮೇಳಿಯಷ್ಟು ಗಟ್ಟಿ. ನಮ್ಮಲ್ಲಿಯೂ ಹುಲ್ಲುಗಾವಲುಗಳುಂಟು, ಚಳ್ಳಕೆರೆಯ ಕಡೆ ಅಮೃತಮಹಲ್ ದನಗಳಿಗೆ ಬಿಟ್ಟ ಕಾವಲುಗಳಿವೆ ಎಂದೆನು. ಅವನು ಕೇಳಿದನು: “ಅಲ್ಲಿನ ದನಗಾಹಿಗಳು ಕುಣಿಯುತ್ತಾರೆಯೇ?”

“ಕುಣಿಯುತ್ತಾರೆ.”

“ನೀವು ನೋಡಿದ್ದೀರಾ?”

ನೋಡಿದ್ದೆನು. ೧೯೮೬ರಲ್ಲಿ ಆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಸಂಸ್ಕೃತದ ಉಪಾಧ್ಯಾಯನಾಗಿದ್ದೆನು. ನಮಗೆ ಮದುವೆಯಾಗಿ ಎರಡು ವರ್ಷವಾಗಿದ್ದಿತು. ನನ್ನ ತರಗತಿಯ ಒಬ್ಬ ಕಾಡುಗೊಲ್ಲರ ಹುಡುಗ, ತಮ್ಮ ಹಟ್ಟಿಯಲ್ಲಿ ಜುಂಜಪ್ಪನ ಹಬ್ಬವಿದೆ, ಅಮ್ಮನವರನ್ನೂ ಕರೆದುಕೊಂಡು ಬರಬೇಕೆಂದು ಮೂರು ದಿನ ಬೆನ್ನು ಹತ್ತಿದನು. ಮುಳ್ಳುಬೇಲಿಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದೆವು. ಗಣೆಯ ನಾದ, ಬೆಳುದಿಂಗಳು, ಹೆಂಗಸರ ಕೋಲಾಟ. ಆ ಹುಡುಗನ ತಾಯಿ ಓಡಿಬಂದು ನನ್ನ ಪತ್ನಿಯ ಕೈಯಲ್ಲಿ ಎರಡು ಕೋಲುಗಳನ್ನಿಟ್ಟಳು. ಆಕೆ ನನ್ನ ಮುಖವನ್ನು ನೋಡಿದಳು. ನಾನು ಬಾಯಿಂದ ಏನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಆಕೆ ಕೋಲುಗಳನ್ನು ಹಿಂದಕ್ಕೆ ಕೊಟ್ಟು ಸೆರಗು ಹೊದ್ದು ಕುಳಿತಳು. ಆ ತಾಯಿಯ ಮುಖವನ್ನು ನಾನು ನೋಡಲಿಲ್ಲ. ಮರುದಿನದಿಂದ ಆ ಹುಡುಗ ನನ್ನ ತರಗತಿಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದನು. ಮೇಷ್ಟರ ಹೆಂಡತಿ ಹಟ್ಟಿಯಲ್ಲಿ ಕುಣಿದಳೆಂಬ ಮಾತು ಊರಿನಲ್ಲಿ ಹಬ್ಬಬಾರದೆಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆನು. ಊರಿನವರಲ್ಲಿ ಮುಕ್ಕಾಲು ಪಾಲು ಹಟ್ಟಿಯಲ್ಲಿಯೇ ಇದ್ದರು.

ಇಷ್ಟನ್ನು ಆ ಮುದುಕನಿಗೆ ಹೇಳಲಿಲ್ಲ. “ನೋಡಿದ್ದೇನೆ” ಎಂದಷ್ಟೇ ಹೇಳಿದೆನು.

ಅಷ್ಟರಲ್ಲಿ ವರ್ಜೀನಿಯಾ ರೀಲ್ ಎಂಬ ಕುಣಿತವನ್ನು ಕೂಗಿದರು. ಗಂಡಸರದೊಂದು ಸಾಲು, ಹೆಂಗಸರದೊಂದು ಸಾಲು. ಎದುರುಬದುರು ನಿಂತು, ಮುಂದೆ ಬಂದು, ಕೈ ಕೊಟ್ಟು ತಿರುಗಿ, ಹಿಂದೆ ಸರಿಯುವುದು. ಕೋಲೊಂದು ಇಲ್ಲ, ಅಷ್ಟೇ. ಮುದುಕನ ಹೆಂಡತಿ ಎದ್ದು ಬಂದು ನನ್ನ ಪತ್ನಿಯ ಮುಂದೆ ಕೈ ನೀಡಿದಳು. ಭಾಷೆ ಬಾರದವರಿಬ್ಬರೂ ಒಂದು ಗಳಿಗೆ ನಕ್ಕರು. ನನ್ನ ಪತ್ನಿ ಶಾಲನ್ನು ತೆಗೆದು ನನ್ನ ತೊಡೆಯ ಮೇಲಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ಈ ಬಾರಿ ಆಕೆ ನನ್ನ ಮುಖವನ್ನು ನೋಡಲಿಲ್ಲ.

ಮೊದಲ ಸುತ್ತಿನಲ್ಲಿ ಎರಡು ಸಲ ತಪ್ಪಿದಳು. ಆಚೆಗೆ ತಿರುಗಬೇಕಾದಲ್ಲಿ ಈಚೆಗೆ ತಿರುಗಿದಳು. ಯಾರೋ ತೋಳು ಹಿಡಿದು ಸರಿಪಡಿಸಿದರು. ಮೂರನೆಯ ಸುತ್ತಿಗೆ ಹೆಜ್ಜೆ ಕೂಡಿತು. ಮಗಳು ಕಟ್ಟೆಯ ಮೇಲಿಂದ “ಅಮ್ಮಾ!” ಎಂದು ಕೂಗಿ ಚಪ್ಪಾಳೆ ಹೊಡೆಯುತ್ತಿದ್ದಳು. ಅರುವತ್ತೆರಡು ವರ್ಷದ, ಮಂಡಿನೋವಿನ, ಹೋಗುವಾಗ ಮೆಟ್ಟಿಲು ಹತ್ತಲು ನನ್ನ ಭುಜ ಹಿಡಿದಿದ್ದ ಹೆಂಗಸು ಆಕೆ. ನನ್ನನ್ನೂ ಒಬ್ಬಾಕೆ ಕರೆದಳು. ತಲೆಯಾಡಿಸಿ ಒಲ್ಲೆನೆಂದೆನು. ಶಾಲು ಕೈಯಲ್ಲಿತ್ತೆಂಬುದೊಂದು ನೆವ.

ಹಿಂದಿರುಗುವಾಗ ರಾತ್ರಿ ಹನ್ನೊಂದು ಮೀರಿತ್ತು. ಬಯಲಿನಲ್ಲಿ ಎಲ್ಲಿಯೂ ಒಂದು ದೀಪವಿರಲಿಲ್ಲ. ಹಿಂದಿನ ಪೀಠದಲ್ಲಿ ಆಕೆ ಮಂಡಿಯನ್ನು ನೀವಿಕೊಳ್ಳುತ್ತಿದ್ದಳು. ಬಹಳ ಹೊತ್ತು ಮಾತನ್ನು ಹಿಂದಕ್ಕೂ ಮುಂದಕ್ಕೂ ಮಾಡಿ ಕಡೆಗೆ ಕೇಳಿದೆನು: “ಆ ಹಟ್ಟಿಯ ಹಬ್ಬ ನಿನಗೆ ಜ್ಞಾಪಕವಿದೆಯೇ?”

ಆಕೆ ತಕ್ಷಣ ಉತ್ತರ ಕೊಡಲಿಲ್ಲ.

“ಇಲ್ಲದೆ ಏನು? ಬಲಗೈಗೆ ಕೊಟ್ಟ ಕೋಲು ತುದಿಯಲ್ಲಿ ಸ್ವಲ್ಪ ಸೀಳಿತ್ತು.”

“ಯಾವ ಕೋಲಮ್ಮ?” ಎಂದು ಮಗಳು ಮುಂದಿನಿಂದ ತಿರುಗಿ ಕೇಳಿದಳು. ಆಬಿಲೀನಿನ ದೀಪಗಳು ಕಾಣುವವರೆಗೆ ನಮ್ಮಿಬ್ಬರಲ್ಲಿ ಯಾರೂ ಅವಳಿಗೆ ಹೇಳಲಿಲ್ಲ.