ಕುಕನೂರಿನ ತೇರು, ಮಲ್ಪೆಯ ದೋಣಿ

ರಾಷ್ಟ್ರಕೂಟರ ಕಾಲದ ನವಲಿಂಗ ದೇವಾಲಯವುಳ್ಳ ನಮ್ಮ ಕುಕನೂರು ಕಡಲಿಗೆ ಬಲು ದೂರ. ಇಲ್ಲಿ ಗುದ್ನೇಶ್ವರನ ತೇರನ್ನು ಎಳೆಯುವವರು ಅಸಂಖ್ಯ ಭಕ್ತರು. ಗಾಲಿಗೆ ಸನ್ನೆ ಕೊಟ್ಟು ನಿಲ್ಲಿಸುವವರು ಕೆಲವರೇ. ತೇರಿನ ಕ್ಷೇಮವಿರುವುದು ಆ ಕೆಲವರ ಕೈಯಲ್ಲಿ. ಉಡುಪಿಯ ಬಳಿಯ ಮಲ್ಪೆ ಬಂದರನ್ನು ಕಂಡಾಗ ನಮಗೆ ಅವರದೇ ನೆನಪಾಯಿತು.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೋಣಿಗಳ ದುರಸ್ತಿಗೆ ಅದೇ ಸುಗ್ಗಿ. ದೋಣಿಗೆ ಬ್ರೇಕ್ ಇಲ್ಲ. ಗೇರ್‌ಬಾಕ್ಸಿನ ಹಿಮ್ಮುಖ ಗೇರೇ ಅದರ ಸನ್ನೆ. ಎಂಜಿನ್ ನಿಮಿಷಕ್ಕೆ 1800 ಸುತ್ತು ತಿರುಗಿದರೆ, 3ಕ್ಕೆ 1ರ ಗೇರ್‌ಬಾಕ್ಸು ಪಂಖಕ್ಕೆ 600 ಸುತ್ತನ್ನಷ್ಟೇ ಕೊಟ್ಟು ತಳ್ಳುವ ಬಲವನ್ನು ಹೆಚ್ಚಿಸುತ್ತದೆ. ಅದನ್ನು ಬಿಚ್ಚಿ, ಸವೆದ ಕ್ಲಚ್ ಪ್ಲೇಟು, ಬೇರಿಂಗು, ಆಯಿಲ್ ಸೀಲುಗಳನ್ನು ಬದಲಿಸುತ್ತಾರೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆಯೆಂದೇ ಅರ್ಥ.

ವೇಗದ ಆಸೆಯಿಂದ ಹೆಚ್ಚು ಅಶ್ವಶಕ್ತಿಯ ಎಂಜಿನ್ ಕೂರಿಸಿ, ಹಳೆಯ ಗೇರ್‌ಬಾಕ್ಸನ್ನೇ ಉಳಿಸಿಕೊಳ್ಳುವುದು ಅಪಾಯಕರ. ಆ ಬಲವನ್ನು ತಾಳುವ ಕ್ಲಚ್ಚು, ದಂಡ ಬೇಕು. ಪಂಖವೂ ಅದಕ್ಕೆ ಹೊಂದಬೇಕು. ನೀರಿಗಿಳಿದಾಗ ದೋಣಿಯ ಒಡಲು ಕೊಂಚ ಬಾಗುವುದರಿಂದ, ದಂಡದ ನೇರವನ್ನು ತೇಲುವಾಗ ಮತ್ತೊಮ್ಮೆ ಪರೀಕ್ಷಿಸಬೇಕು. ಅಳಿವೆಯ ಅಲೆಗಳ ನಡುವೆ ಗೇರು ಕೈಕೊಟ್ಟರೆ ಬಲಿಯಾಗುವುದು ಬಲೆ, ಮೀನುಗಳಷ್ಟೇ ಅಲ್ಲ. ದೋಣಿಯಲ್ಲಿರುವವರ ಪ್ರಾಣವೂ ಹೌದು.

ಓಡಿಸುವ ಶಕ್ತಿಗೆ ಹಣ ಸುರಿಯುವ ಮನೆಯವರು ನಿಲ್ಲಿಸುವ ಶಕ್ತಿಯನ್ನು ಮೊದಲು ನೋಡಿಕೊಳ್ಳಲಿ. ಈ ಮಾತು ನಮ್ಮೂರಿನ ಟ್ರ್ಯಾಕ್ಟರಿಗೂ ಸಲ್ಲುತ್ತದೆ.