ಸುರಪುರದಲ್ಲಿ ಒಂದು ಬಿಡುವಿನ ದಿನ

ಸೈಕಲ್ಲಿನ ಮೇಲೆ ಕೂಡಿಕೊಂಡು ದೂರ ಪ್ರಯಾಣ ಮಾಡುವವರಲ್ಲಿ ನಡುವೆ ಒಂದು ದಿನ ತಂಗುವ ವಾಡಿಕೆಯುಂಟು. ಫ್ರಾನ್ಸ್ ದೇಶದ ಪ್ರಸಿದ್ಧವಾದ ಸೈಕಲ್ ಪಂದ್ಯದಲ್ಲಿಯೂ 21 ದಿನಗಳ ಓಟದ ನಡುವೆ ಎರಡು ದಿನ ಬಿಡುವಿರುತ್ತದೆ. ಪಂದ್ಯಕ್ಕೆಂದೇ ಪಳಗಿದ ಕಾಲುಗಳ ಗತಿಯೇ ಹೀಗಾದರೆ, ಸಂಸಾರಸ್ಥರಾದ ನಮ್ಮಂಥವರ ಕಾಲುಗಳ ಮಾತೇನು! ಆದರೂ ಬೀದರಿನಿಂದ ಮೈಸೂರಿಗೆ ಹೊರಟಿದ್ದ ನಮ್ಮ ಏಳು ಮಂದಿಯಲ್ಲಿ ಕಿರಿಯರಿಬ್ಬರು, ಸುಮ್ಮನೆ ಕುಳಿತರೆ ಮೈಸೂರು ಇನ್ನೂ ಒಂದು ದಿನ ದೂರವಾಗುವುದೆಂದು ವಾದ ಹೂಡಿದರು. ಆ ವಾದವನ್ನು ಮುಗಿಸಿದುದು ಒಂದು ಮೊಣಕಾಲು. ನಮ್ಮೆಲ್ಲರಿಗೂ ಹಿರಿಯರಾದ ನಿವೃತ್ತ ಮಾಸ್ತರರ ಬಲಮೊಣಕಾಲು ಶಹಾಪುರವನ್ನು ದಾಟುವಷ್ಟರಲ್ಲಿ ಬಾತುಕೊಂಡಿತ್ತು. ಸುರಪುರದಲ್ಲಿ ಒಂದು ದಿನ ಕಾದು ನೋಡುವುದು, ಬಾವು ಇಳಿಯದಿದ್ದರೆ ಅವರನ್ನು ಬಸ್ಸಿನಲ್ಲಿ ಊರಿಗೆ ಕಳುಹಿಸುವುದು ಎಂದು ನಿಶ್ಚಯವಾಯಿತು. ಮಾಸ್ತರರು ಮಾತನಾಡಲಿಲ್ಲ. ಈ ಪ್ರಯಾಣಕ್ಕಾಗಿ ಅವರು ಒಂದು ವರ್ಷ ಸಿದ್ಧತೆ ಮಾಡಿದ್ದರು.

ಕಪ್ಪು ನೆಲದ ಹತ್ತಿ, ತೊಗರಿಗಳ ಬಯಲನ್ನು ಕಳೆದು ಬರುವವನಿಗೆ ಸುರಪುರವು ಥಟ್ಟನೆ ಗೋಚರಿಸುವುದಿಲ್ಲ. ಬಂಡೆಗಲ್ಲುಗಳನ್ನು ಪೇರಿಸಿಟ್ಟಂತಿರುವ ಗುಡ್ಡಗಳು ಊರನ್ನು ಮಡಿಲಲ್ಲಿಟ್ಟುಕೊಂಡಿವೆ. 2009ರಿಂದ ಈ ತಾಲ್ಲೂಕು ಯಾದಗಿರಿ ಜಿಲ್ಲೆಗೆ ಸೇರಿದೆ. ಬೆಳಗಿನ ಹೊತ್ತು ಬಟ್ಟೆ ಒಗೆಯುವುದರಲ್ಲಿ, ಸರಪಳಿಯ ಧೂಳು ತೆಗೆದು ಎಣ್ಣೆ ಹಾಕುವುದರಲ್ಲಿ, ಟ್ಯೂಬುಗಳಿಗೆ ತೇಪೆ ಹಚ್ಚುವುದರಲ್ಲಿ ಕಳೆಯಿತು. ಖಾನಾವಳಿಯ ತಾಯಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಬಡಿಸುತ್ತ, “ಅಷ್ಟು ದೂರದಿಂದ ಸೈಕಲ್ ತುಳಕೊಂತ ಬಂದೀರಿ, ಬಸ್ಸಿಗಿ ರೊಕ್ಕ ಇರಲಿಲ್ಲೇನ್ರಿ ಯಪ್ಪಾ?” ಎಂದು ನಿಜವಾದ ಕನಿಕರದಿಂದ ಕೇಳಿದಳು. ತಕ್ಕ ಉತ್ತರ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಮಾಸ್ತರರು ಕಾಲಿಗೆ ತಣ್ಣೀರಿನ ಪಟ್ಟಿ ಕಟ್ಟಿಕೊಂಡು ಮಲಗಿ, ಆ ಕಿರಿಯರಿಬ್ಬರನ್ನೂ ಕರೆದು, “ಟೇಲರ್ ಮಂಜಿಲನ್ನು ನನ್ನ ಬದಲಿಗೆ ನೀವು ನೋಡಿಕೊಂಡು ಬನ್ನಿರಿ” ಎಂದರು. ನಾವೂ ಅವರೊಡನೆ ಗುಡ್ಡವನ್ನು ಹತ್ತಿದೆವು.

ಈ ಮನೆಯನ್ನು ಕಟ್ಟಿಸಿದವನು ಫಿಲಿಪ್ ಮೆಡೋಸ್ ಟೇಲರ್. ಠಕ್ಕರ ವಿಷಯವಾಗಿ 1839ರಲ್ಲಿ ಕಾದಂಬರಿಯನ್ನು ಪ್ರಕಟಿಸಿ ಹೆಸರಾದವನು. ಸುರಪುರದ ಅರಸು ವೆಂಕಟಪ್ಪನಾಯಕನು ಬಾಲಕನಾಗಿದ್ದಾಗ ಸಂಸ್ಥಾನದ ಮೇಲ್ವಿಚಾರಣೆಗೆ ಬಂದು, ಹತ್ತು ವರ್ಷಕ್ಕೂ ಮೀರಿ ಇಲ್ಲಿದ್ದು, 1853ರಲ್ಲಿ ಆಡಳಿತವನ್ನು ತರುಣನ ಕೈಗೆ ಒಪ್ಪಿಸಿ ಹೋದನು. ಹುಡುಗನು ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನಂತೆ. ಐದೇ ವರ್ಷಗಳಲ್ಲಿ ಕಾಲ ತಿರುಗಿತು. 1858ರ ಫೆಬ್ರವರಿಯಲ್ಲಿ ನಾಯಕನು ಇಂಗ್ಲಿಷರ ಮೇಲೆ ಎದ್ದನು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಮಡಿದನು. ನಾಯಕನು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಯಾದನು. ಮರಣದಂಡನೆಯು ಇಳಿಯುತ್ತ ಬಂದು ಕೊನೆಗೆ ಮದ್ರಾಸಿನ ಕಡೆಯ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಯಾಯಿತು. ಆದರೆ ಅವನು ಆ ಕೋಟೆಯನ್ನು ಮುಟ್ಟಲೇ ಇಲ್ಲ. ದಾರಿಯಲ್ಲಿಯೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಅಸುನೀಗಿದನು. ತಾನೇ ಹೊಡೆದುಕೊಂಡನೆಂದು ಟೇಲರನು ತನ್ನ ಆತ್ಮಚರಿತ್ರೆಯಲ್ಲಿ ಬರೆದಿದ್ದಾನೆ. ಆ ಮಾತನ್ನು ಒಪ್ಪದವರೂ ಉಂಟು. 1860ರಲ್ಲಿ ಸಂಸ್ಥಾನವು ನಿಜಾಮನ ಪಾಲಾಯಿತು.

ಮೇಲೆ ನಿಂತು ನೋಡಿದರೆ ಊರಿನ ಮನೆಗಳೆಲ್ಲ ಕಾಲ ಬುಡದಲ್ಲಿರುವಂತೆ ತೋರುತ್ತವೆ. ಅಷ್ಟು ಎತ್ತರದಲ್ಲಿ ಮನೆ ಮಾಡಿದವನಿಗೆ ಊರೆಲ್ಲ ಕಾಣುವುದೇನೋ ನಿಜ. ಹುಡುಗನ ಮನಸ್ಸು ಎಷ್ಟುಮಟ್ಟಿಗೆ ಕಂಡಿತ್ತೆಂಬುದು ಬೇರೆ ಪ್ರಶ್ನೆ. ಟೇಲರನು ಅವನನ್ನು ಪ್ರೀತಿಸಿದ್ದನೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಪ್ರೀತಿಯು ಆಳುವವರ ಮೇಜಿನ ಮೇಲೆ ಕುಳಿತಿತ್ತು. ಹೊರಡುವ ಅವಸರದಲ್ಲಿದ್ದ ಆ ಕಿರಿಯರೇ ಅಲ್ಲಿಂದ ಎಲ್ಲರಿಗಿಂತ ಹಿಂದೆ ಇಳಿದರು.

ಬಿಡಾರದಲ್ಲಿ ಮಾಸ್ತರರು ಕಂಡುದನ್ನೆಲ್ಲ ಒಂದೊಂದಾಗಿ ಕೇಳಿ ತಿಳಿದುಕೊಂಡರು. ಆಮೇಲೆ ತಾವೇ ವಾಗಣಗೇರಾದ ಕಥೆಯನ್ನು ಎತ್ತಿಕೊಂಡರು. ಸುರಪುರಕ್ಕೆ ಮೊದಲು ನಾಯಕರ ಕೋಟೆಯಿದ್ದುದು ಸಮೀಪದ ಆ ಊರಿನಲ್ಲಿ. 1705ರಲ್ಲಿ ಔರಂಗಜೇಬನು ತಾನೇ ಬಂದು ಅದನ್ನು ಮುತ್ತಿದನು. ಅವನ ಕಡೆಯ ಮುತ್ತಿಗೆ ಅದೇ. ಆಗ ಅವನಿಗೆ 86 ವರ್ಷ. ಕೋಟೆ ಬಿದ್ದಿತಾದರೂ ಪಿಡ್ಡನಾಯಕನು ರಾತ್ರಿಯಲ್ಲಿ ತಪ್ಪಿಸಿಕೊಂಡನು. ಬಾದಶಹನು ಕೃಷ್ಣೆಯ ಬಳಿಯ ದೇವಾಪುರದಲ್ಲಿ ಬೀಡುಬಿಟ್ಟು, ಅಲ್ಲಿಯೇ ಕಾಯಿಲೆ ಬಿದ್ದು, ಸುಮಾರು ಆರು ತಿಂಗಳು ತಂಗಿದ್ದು, ಬಳಿಕ ಅಹಮದನಗರದ ದಾರಿ ಹಿಡಿದನು. 1707ರಲ್ಲಿ ಅಲ್ಲಿಯೇ ತೀರಿಕೊಂಡನು.

“ದಿಲ್ಲಿಯ ಬಾದಶಹನೇ ಇಲ್ಲಿ ಆರು ತಿಂಗಳು ಕೂತಾನ. ನನಗೊಂದು ದಿನ ನೀವು ಲೆಕ್ಕ ಹಾಕತೀರೇನ್ರೋ?” ಎಂದು ಮಾಸ್ತರರು ಕಿರಿಯರನ್ನು ನೋಡಿ ನಕ್ಕರು. ಅವರಲ್ಲೊಬ್ಬನು ಎದ್ದು ಪಟ್ಟಿಯನ್ನು ಹೊಸ ನೀರಿನಲ್ಲಿ ಅದ್ದಿ ತಂದು ಕಟ್ಟಿದನು.

ಮರುದಿನ ಮುಂಜಾನೆ ಬಾವು ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಮಾಸ್ತರರ ಗಂಟುಮೂಟೆಯನ್ನು ಉಳಿದವರು ಹಂಚಿಕೊಂಡೆವು. ಕಿರಿಯರಿಬ್ಬರು ಅವರ ಹಿಂದೆ ಉಳಿದು, ಅವರ ವೇಗಕ್ಕೆ ಸರಿಯಾಗಿ ತುಳಿದರು. ತಿಂಥಣಿಯ ಬಳಿ ಕೃಷ್ಣೆಯ ಸೇತುವೆಯನ್ನು ದಾಟುವಾಗ ಬಿಸಿಲು ಇನ್ನೂ ಏರಿರಲಿಲ್ಲ.